ನೆರವಿನ ಪುಟಕ್ಕೆ ಎಂಥ ಅಕ್ಷರ?

ಪ್ರಯೋಗದ ಅಳತೆಗಳನ್ನು ಗಣಕದ ಕೋಷ್ಟಕಕ್ಕೆ ತುಂಬಿದ್ದೀರಿ. ಇನ್ನು ನಕ್ಷೆ ಎಳೆಯಬೇಕು. ತಂತ್ರಾಂಶ ಮಾತು ಕೇಳುತ್ತಿಲ್ಲ. ಕೊನೆಗೆ ಎಫ್ 1 ಕೀಲಿ ಒತ್ತುತ್ತೀರಿ. ತೆರೆಯ ಮೇಲೆ ಸಹಾಯದ ಪುಟ ಮೂಡುತ್ತದೆ. ಈ ಪುಟವನ್ನು ಯಾರೂ ಕಾದಂಬರಿಯಂತೆ ಆರಾಮವಾಗಿ ಓದುವುದಿಲ್ಲ. ಕೆಲಸ ನಿಂತಿರುತ್ತದೆ, ತಾಳ್ಮೆ ಕರಗಿರುತ್ತದೆ, ಗಮನ ಎರಡು ಕಿಟಕಿಗಳ ನಡುವೆ ಓಡಾಡುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಅಲ್ಲಿರುವುದು ರೋಮನ್ ಲಿಪಿಯ ಸಣ್ಣ ಎಲ್ ಅಕ್ಷರವೋ 1 ಎಂಬ ಅಂಕಿಯೋ ಗೊತ್ತಾಗದಿದ್ದರೆ? ಅಥವಾ ಅಕ್ಷರಗಳ ಬದಲು ಸಾಲು ಸಾಲು ಖಾಲಿ ಚೌಕಗಳೇ ಕಂಡರೆ? ನೆರವು ನೀಡಬೇಕಾದ ಪುಟವೇ ಹೊಸ ತೊಡಕಾಗುತ್ತದೆ.

ಇಂಥ ಪುಟಗಳಿಗೆ ಅಕ್ಷರಶೈಲಿಯನ್ನು, ಅಂದರೆ ಫಾಂಟನ್ನು, ಆರಿಸುವಾಗ ಎರಡು ಪ್ರಶ್ನೆಗಳನ್ನು ಕೇಳಬೇಕು. ತೆರೆಯ ಮೇಲೆ ಅದು ಸಲೀಸಾಗಿ ಓದಲು ಬರುತ್ತದೆಯೆ? ಓದುವವರ ಗಣಕದಲ್ಲಿ ಅದು ಇದೆಯೆ? ಮೊದಲನೆಯದು ಬಹುಮಟ್ಟಿಗೆ ಭೌತವಿಜ್ಞಾನದ ಪ್ರಶ್ನೆ. ಎರಡನೆಯದು ಹಂಚಿಕೆಯ ಪ್ರಶ್ನೆ. ಎರಡಕ್ಕೂ ಒಟ್ಟಿಗೆ ಉತ್ತರ ಸಿಕ್ಕಿದ್ದು ಹೇಗೆ ಎಂಬ ಇತಿಹಾಸವನ್ನು ಇಲ್ಲಿ ನೋಡೋಣ. ಕನ್ನಡದಲ್ಲಿ ಪಾಠ ಸಾಮಗ್ರಿ ತಯಾರಿಸುವ ಅಧ್ಯಾಪಕರಿಗೆ ಈ ಇತಿಹಾಸ ಇಂದಿಗೂ ಉಪಯುಕ್ತ.

ಕಣ್ಣಿನ ಲೆಕ್ಕ

ಮೊದಲು ಒಂದು ಸರಳ ಲೆಕ್ಕ. ಆರೋಗ್ಯವಂತ ಕಣ್ಣು ಸುಮಾರು 1 ಕೋನೀಯ ಮಿನಿಟಿನಷ್ಟು, ಎಂದರೆ ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು, ಅಂತರವಿರುವ ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. ರೇಡಿಯನ್‌ಗಳಲ್ಲಿ ಇದು ಸುಮಾರು 0.00029. ಗಣಕದ ತೆರೆಯಿಂದ ನಾವು 60 ಸೆಂಟಿಮೀಟರ್ ದೂರದಲ್ಲಿ ಕುಳಿತಿದ್ದರೆ, ಕಣ್ಣು ಗುರುತಿಸಬಲ್ಲ ಕನಿಷ್ಠ ಅಂತರ 600 × 0.00029, ಅಂದರೆ ಸುಮಾರು 0.17 ಮಿಲಿಮೀಟರ್.

ಈಗ ತೆರೆಯನ್ನು ನೋಡೋಣ. ಅಂಗುಲಕ್ಕೆ 96 ಪಿಕ್ಸೆಲ್‌ಗಳಿದ್ದರೆ ಒಂದು ಪಿಕ್ಸೆಲ್‌ನ ಅಗಲ 25.4 ÷ 96, ಎಂದರೆ 0.26 ಮಿಲಿಮೀಟರ್. ಇದು ಕಣ್ಣಿನ ಮಿತಿಗಿಂತ ದೊಡ್ಡದು. ಹಾಗಾಗಿ ಅಕ್ಷರದ ಓರೆಗೆರೆಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಅಂಗುಲಕ್ಕೆ 600 ಚುಕ್ಕೆ ಹಾಕುವ ಲೇಸರ್ ಮುದ್ರಕದ ಚುಕ್ಕೆಯಾದರೋ 0.04 ಮಿಲಿಮೀಟರ್. ಪುಟವನ್ನು 40 ಸೆಂಟಿಮೀಟರ್ ದೂರದಲ್ಲಿ ಹಿಡಿದಾಗ ಕಣ್ಣಿನ ಮಿತಿ 0.12 ಮಿಲಿಮೀಟರ್ ಇರುವುದರಿಂದ ಮೆಟ್ಟಿಲು ಅಲ್ಲಿ ಕಾಣುವುದಿಲ್ಲ. ಕಾಗದದ ಮೇಲೆ ಸುಂದರವಾಗಿರುವ ಅಕ್ಷರ ತೆರೆಯ ಮೇಲೆ ಕೆಡುವುದಕ್ಕೆ ಮೂಲ ಕಾರಣ ಇಷ್ಟೇ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಅಚ್ಚಿನ ಅಳತೆಯಲ್ಲಿ 1 ಪಾಯಿಂಟ್ ಎಂದರೆ ಅಂಗುಲದ 72ನೇ ಒಂದು ಭಾಗ. ಅಂಗುಲಕ್ಕೆ 96 ಪಿಕ್ಸೆಲ್‌ಗಳ ತೆರೆಯಲ್ಲಿ 10 ಪಾಯಿಂಟ್ ಅಕ್ಷರಕ್ಕೆ ದೊರೆಯುವುದು ಸುಮಾರು 13 ಪಿಕ್ಸೆಲ್ ಎತ್ತರ. ರೋಮನ್ ಲಿಪಿಯ ಸಣ್ಣ ಅಕ್ಷರಗಳ ಮೈ ಇದರಲ್ಲಿ ಅರ್ಧದಷ್ಟು ಜಾಗವನ್ನಷ್ಟೇ ಬಳಸುತ್ತದೆ. ಅಂದರೆ ಆರೋ ಏಳೋ ಪಿಕ್ಸೆಲ್‌ಗಳಲ್ಲಿ ಎ, ಇ, ಎಸ್ ಮುಂತಾದ ಅಕ್ಷರಗಳ ಚಹರೆಯನ್ನೆಲ್ಲ ಮೂಡಿಸಬೇಕು. ರಂಗೋಲಿ ಹಾಕುವವರಿಗೆ ಆರೇಳು ಚುಕ್ಕೆ ಕೊಟ್ಟು ಆನೆ, ಕುದುರೆ, ನವಿಲುಗಳನ್ನೆಲ್ಲ ಬೇರೆ ಬೇರೆಯಾಗಿ ತೋರಿಸಿ ಎಂದ ಹಾಗೆ.

ಚುಕ್ಕೆಗಳ ಕಾಲ

1984ರ ಜನವರಿಯಲ್ಲಿ ಆಪಲ್ ಕಂಪನಿಯ ಮ್ಯಾಕಿಂಟಾಶ್ ಗಣಕ ಮಾರುಕಟ್ಟೆಗೆ ಬಂತು. ಅದರ 9 ಅಂಗುಲದ ಕಪ್ಪು ಬಿಳುಪು ತೆರೆಯಲ್ಲಿ 512 × 342 ಪಿಕ್ಸೆಲ್‌ಗಳು, ಅಂಗುಲಕ್ಕೆ 72. ಅದರ ಅಕ್ಷರಗಳನ್ನು ರೂಪಿಸಿದವರಲ್ಲಿ ಮುಖ್ಯರಾದವರು ಸೂಸನ್ ಕೇರ್. ಶಿಕಾಗೊ, ಜಿನೀವಾ, ಮೊನಾಕೊ, ನ್ಯೂಯಾರ್ಕ್ ಎಂದು ಊರುಗಳ ಹೆಸರನ್ನು ಹೊತ್ತ ಈ ಶೈಲಿಗಳಲ್ಲಿ ಪ್ರತಿ ಅಕ್ಷರವನ್ನೂ ಚೌಕದ ಹಾಳೆಯ ಮೇಲೆ ಮನೆ ತುಂಬಿದಂತೆ ಚುಕ್ಕೆ ಚುಕ್ಕೆಯಾಗಿ ಇಡಲಾಗಿತ್ತು.

ಇವುಗಳಲ್ಲಿ ಶಿಕಾಗೊ ವಿಶೇಷವಾದುದು. ತೆರೆಯ ಮೇಲಿನ ಆಯ್ಕೆಪಟ್ಟಿಗಳಲ್ಲಿ, ಸೂಚನೆಗಳಲ್ಲಿ ಕಾಣುತ್ತಿದ್ದುದು ಇದೇ. ಸದ್ಯಕ್ಕೆ ಬಳಸಲು ಬಾರದ ಆಯ್ಕೆಯನ್ನು ತಿಳಿ ಬೂದು ಬಣ್ಣದಲ್ಲಿ ತೋರಿಸುವುದು ವಾಡಿಕೆ. ಮ್ಯಾಕಿಂಟಾಶ್ ತೆರೆಯಲ್ಲಿ ಬೂದು ಬಣ್ಣವೇ ಇರಲಿಲ್ಲ. ಒಂದು ಬಿಟ್ಟು ಒಂದು ಪಿಕ್ಸೆಲ್ ಅಳಿಸಿ ಬೂದಿನ ಭ್ರಮೆ ಹುಟ್ಟಿಸುತ್ತಿದ್ದರು. ಶಿಕಾಗೊದ ಗೆರೆಗಳು ದಪ್ಪವಾಗಿದ್ದುದರಿಂದ ಅರ್ಧ ಚುಕ್ಕೆಗಳು ಮಾಯವಾದ ಮೇಲೂ ಪದ ಓದಲು ಬರುತ್ತಿತ್ತು. ತೆರೆಯ ಇತಿಮಿತಿಯನ್ನು ಒಪ್ಪಿಕೊಂಡು ಅದರೊಳಗೇ ಓದುಗರಿಗೆ ಅನುಕೂಲ ಮಾಡಿಕೊಡುವ ಕ್ರಮಕ್ಕೆ ಇದು ಒಳ್ಳೆಯ ಉದಾಹರಣೆ. 1997ರವರೆಗೂ ಮ್ಯಾಕಿಂಟಾಶ್‌ನ ಆಯ್ಕೆಪಟ್ಟಿಗಳಲ್ಲಿ ಶಿಕಾಗೊ ಉಳಿದುಕೊಂಡಿತ್ತು. 2001ರಲ್ಲಿ ಬಂದ ಐಪಾಡ್‌ನ ಪುಟ್ಟ ತೆರೆಗೂ ಅದನ್ನೇ ಆರಿಸಿಕೊಂಡರು.

ಕಾಗದದ ಅಕ್ಷರ ತೆರೆಗೆ ಬಂದಾಗ

ಚುಕ್ಕೆಯಕ್ಷರಗಳಿಗೆ ಒಂದು ಕೊರತೆಯಿತ್ತು. 12 ಪಾಯಿಂಟಿಗೆ ಮಾಡಿದ್ದನ್ನು 15ಕ್ಕೆ ಹಿಗ್ಗಿಸಿದರೆ ವಿಕಾರವಾಗುತ್ತಿತ್ತು. ಪ್ರತಿ ಗಾತ್ರಕ್ಕೂ ಬೇರೆ ಬೇರೆ ಅಕ್ಷರ ಬೇಕಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಅಕ್ಷರದ ಹೊರಗೆರೆಯನ್ನೇ ಗಣಿತದ ವಕ್ರರೇಖೆಗಳಾಗಿ ದಾಖಲಿಸುವ ವಿಧಾನ ಬಂತು. ಆಪಲ್ ರೂಪಿಸಿದ ಟ್ರೂಟೈಪ್ ವ್ಯವಸ್ಥೆಯಲ್ಲಿ ಇವು ದ್ವಿಘಾತ ವಕ್ರರೇಖೆಗಳು. 1991ರಲ್ಲಿ ಅದು ಮ್ಯಾಕಿಂಟಾಶ್‌ಗೆ ಬಂತು. 1992ರಲ್ಲಿ ಮೈಕ್ರೋಸಾಫ್ಟ್‌ನ ವಿಂಡೋಸ್ 3.1ಕ್ಕೂ ಬಂತು. ವಿಂಡೋಸ್ 3.1ರ ಜೊತೆಗೆ ಟೈಮ್ಸ್ ನ್ಯೂ ರೋಮನ್, ಏರಿಯಲ್, ಕೊರಿಯರ್ ನ್ಯೂ ಎಂಬ ಶೈಲಿಗಳು ಮನೆಮನೆಯ ಗಣಕಗಳನ್ನು ಸೇರಿದವು.

ಟೈಮ್ಸ್ ನ್ಯೂ ರೋಮನ್ ಹುಟ್ಟಿದ್ದು ಗಣಕಕ್ಕಾಗಿ ಅಲ್ಲ. ಲಂಡನ್ನಿನ 'ಟೈಮ್ಸ್' ಪತ್ರಿಕೆಗಾಗಿ ಸ್ಟಾನ್ಲಿ ಮಾರಿಸನ್ ಅವರ ಮೇಲ್ವಿಚಾರಣೆಯಲ್ಲಿ ವಿಕ್ಟರ್ ಲಾರ್ಡೆಂಟ್ ಬರೆದ ಅಕ್ಷರಗಳಿವು. 1932ರ ಅಕ್ಟೋಬರ್ 3ರ ಸಂಚಿಕೆಯಲ್ಲಿ ಮೊದಲು ಬಳಕೆಯಾದವು. ಪತ್ರಿಕೆಯ ಕಿರಿದಾದ ಅಂಕಣದಲ್ಲಿ ಹೆಚ್ಚು ಪದಗಳನ್ನು ಹಿಡಿಸುವುದು ಅವುಗಳ ಗುಣ. ತೆಳು ಗೆರೆ, ದಪ್ಪ ಗೆರೆ, ತುದಿಗಳಲ್ಲಿ ಚೂಪಾದ ಸಣ್ಣ ಅಡ್ಡಗೆರೆ, ಇವೆಲ್ಲ ಕಾಗದದ ಮೇಲೆ ಅಂದ. ಆದರೆ ಆರು ಪಿಕ್ಸೆಲ್‌ಗಳಲ್ಲಿ ತೆಳು ಗೆರೆಗೂ ಒಂದು ಪಿಕ್ಸೆಲ್, ದಪ್ಪ ಗೆರೆಗೂ ಒಂದೇ ಪಿಕ್ಸೆಲ್. ತುದಿಯ ಅಡ್ಡಗೆರೆಗಳು ಪಕ್ಕದ ಅಕ್ಷರಕ್ಕೆ ತಗಲುತ್ತವೆ. ಸಹಾಯದ ಪುಟದಲ್ಲಿ ಸ್ಥಳದ ಅಭಾವವಿಲ್ಲ, ಪುಟವನ್ನು ಕೆಳಗೆ ಸರಿಸಿದರಾಯಿತು. ಸ್ಥಳ ಉಳಿಸಲು ಮಾಡಿದ ಅಕ್ಷರವನ್ನು ಸ್ಥಳ ಪುಕ್ಕಟೆಯಾಗಿರುವ ಕಡೆ ಬಳಸಿದಂತಾಯಿತು.

ವಕ್ರರೇಖೆಯನ್ನು ಚೌಕಗಳ ಮೇಲೆ ಕೂರಿಸುವಾಗ ಇನ್ನೊಂದು ತೊಂದರೆಯೂ ಇದೆ. ರೋಮನ್ ಲಿಪಿಯ ಸಣ್ಣ ಎಂ ಅಕ್ಷರಕ್ಕೆ ಮೂರು ಕಾಲುಗಳು. ಲೆಕ್ಕದ ಪ್ರಕಾರ ಪ್ರತಿ ಕಾಲಿನ ದಪ್ಪ 1.4 ಪಿಕ್ಸೆಲ್ ಬಂದರೆ ಒಂದು ಕಾಲು 1 ಪಿಕ್ಸೆಲ್, ಪಕ್ಕದ್ದು 2 ಪಿಕ್ಸೆಲ್ ಆಗಿ ಅಕ್ಷರ ಕುಂಟುತ್ತದೆ. 'ಈ ಗಾತ್ರದಲ್ಲಿ ಮೂರೂ ಕಾಲುಗಳನ್ನು ಸಮ ಮಾಡು' ಎಂಬಂಥ ಆದೇಶಗಳನ್ನು ಫಾಂಟಿನೊಳಗೇ ಬರೆದಿಡುವ ಕೆಲಸಕ್ಕೆ ಹಿಂಟಿಂಗ್ ಎಂದು ಹೆಸರು. ಇದು ತುಂಬ ಶ್ರಮದ ಕೆಲಸ. ಬಹಳಷ್ಟು ಶೈಲಿಗಳಲ್ಲಿ ಇದನ್ನು ಅಷ್ಟು ಕಾಳಜಿಯಿಂದ ಮಾಡಿರುವುದಿಲ್ಲ. ತೆರೆಯ ಮೇಲೆ ಎರಡು ಫಾಂಟ್‌ಗಳ ನಡುವೆ ಕಾಣುವ ವ್ಯತ್ಯಾಸಕ್ಕೆ ಅನೇಕ ಸಲ ಇದೇ ಕಾರಣ.

ನಾಯಿಯ ಮಾತು

ಸಹಾಯದ ಬರಹಕ್ಕೆಂದೇ ಒಂದು ಅಕ್ಷರಶೈಲಿ ಹುಟ್ಟಿದ ಕಥೆ ಸ್ವಾರಸ್ಯಕರ. 1994ರಲ್ಲಿ ಮೈಕ್ರೋಸಾಫ್ಟ್ ಕಂಪನಿ 'ಬಾಬ್' ಎಂಬ ತಂತ್ರಾಂಶವನ್ನು ಸಿದ್ಧಪಡಿಸುತ್ತಿತ್ತು. ಗಣಕಕ್ಕೆ ಹೊಸಬರಾದವರಿಗೆ ರೋವರ್ ಎಂಬ ಕಾರ್ಟೂನು ನಾಯಿ ದಾರಿ ತೋರಿಸುತ್ತಿತ್ತು. ನಾಯಿಯ ಬಾಯಿಂದ ಹೊರಟ ಗುಳ್ಳೆಯಲ್ಲಿ ಅದರ ಮಾತು ಟೈಮ್ಸ್ ನ್ಯೂ ರೋಮನ್ ಅಕ್ಷರದಲ್ಲಿತ್ತು. ಕಾರ್ಟೂನು ನಾಯಿ ಪತ್ರಿಕೆಯ ಸಂಪಾದಕೀಯದಂತೆ ಮಾತಾಡುವುದು ಅಲ್ಲಿನ ಅಕ್ಷರ ವಿನ್ಯಾಸಕ ವಿನ್ಸೆಂಟ್ ಕೊನ್ನಾರ್ ಅವರಿಗೆ ಸರಿಕಾಣಲಿಲ್ಲ. ಚಿತ್ರಕಥೆ ಪುಸ್ತಕಗಳ ಕೈಬರಹವನ್ನು ನೋಡಿ ಕಾಮಿಕ್ ಸಾನ್ಸ್ ಎಂಬ ಶೈಲಿಯನ್ನು ಅವರು ರಚಿಸಿದರು. 1995ರಲ್ಲಿ 'ಬಾಬ್' ಹೊರಬರುವ ವೇಳೆಗೆ ಅದನ್ನು ಸೇರಿಸಲಾಗಲಿಲ್ಲ. ಆದರೆ ವಿಂಡೋಸ್ ಜೊತೆಗೆ ಎಲ್ಲ ಕಡೆ ಹರಡಿತು. ಎಷ್ಟು ಹರಡಿತೆಂದರೆ, ಮದುವೆ ಕರೆಯೋಲೆಯಿಂದ ಕಚೇರಿಯ ಸುತ್ತೋಲೆಯವರೆಗೆ ಎಲ್ಲಿ ಸಲ್ಲದೋ ಅಲ್ಲೆಲ್ಲ ಬಳಕೆಯಾಗಿ ನಗೆಗೀಡಾಯಿತು. ಎಲ್ಲರ ಬಳಿ ಇದೆ ಎಂಬುದೊಂದೇ ಆಯ್ಕೆಗೆ ಸಾಕಾದ ಕಾರಣವಲ್ಲ ಎಂದು ಇದರಿಂದ ಕಲಿಯಬಹುದು.

ಚುಕ್ಕೆಯಿಂದ ಗೆರೆಗೆ: ವರ್ಡಾನಾ

ಕಾಗದದಿಂದ ಎರವಲು ತಂದ ಅಕ್ಷರ ಸಾಲದು, ತೆರೆಗಾಗಿಯೇ ಹುಟ್ಟಿದ ಅಕ್ಷರ ಬೇಕು ಎಂದು ಮೈಕ್ರೋಸಾಫ್ಟ್‌ನ ವರ್ಜೀನಿಯಾ ಹೌಲೆಟ್ ಮತ್ತು ಸಂಗಡಿಗರಿಗೆ ಅನಿಸಿತು. ಅವರು ಈ ಕೆಲಸವನ್ನು ವಹಿಸಿದ್ದು ಮ್ಯಾಥ್ಯೂ ಕಾರ್ಟರ್ ಅವರಿಗೆ. 1937ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕಾರ್ಟರ್, ಹದಿಹರೆಯದಲ್ಲೇ ಹಾಲೆಂಡಿನ ಹಾರ್ಲೆಮ್ ಪಟ್ಟಣದ ಹಳೆಯ ಅಚ್ಚುಕೂಟವೊಂದರಲ್ಲಿ ಅಚ್ಚುಮೊಳೆಗಾಗಿ ಉಕ್ಕಿನ ಪಡಿಯಚ್ಚನ್ನು ಕೈಯಿಂದ ಕೊರೆಯಲು ಕಲಿತವರು. 1978ರಲ್ಲಿ ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ದೂರವಾಣಿ ಡೈರೆಕ್ಟರಿಗೆ ಬೆಲ್ ಸೆಂಟೆನಿಯಲ್ ಎಂಬ ಶೈಲಿಯನ್ನು ಕೊಟ್ಟವರೂ ಅವರೇ. ಡೈರೆಕ್ಟರಿಯ ಅಗ್ಗದ ಕಾಗದದಲ್ಲಿ ಶಾಯಿ ಹರಡಿ ಪುಟ್ಟ ಅಕ್ಷರಗಳ ಸಂದುಗಳು ಮುಚ್ಚಿಹೋಗುತ್ತಿದ್ದವು. ಅದಕ್ಕಾಗಿ ಕಾರ್ಟರ್ ಅಕ್ಷರದ ಮೂಲೆಗಳಲ್ಲಿ ಮೊದಲೇ ಕಚ್ಚು ಬಿಟ್ಟರು. ಹರಡಿದ ಶಾಯಿ ಆ ಕಚ್ಚನ್ನು ತುಂಬಿ ಅಕ್ಷರ ಸರಿಯಾಗುತ್ತಿತ್ತು. ಮಾಧ್ಯಮದ ದೋಷವನ್ನು ಮುಂಚಿತವಾಗಿ ಲೆಕ್ಕಹಾಕಿ ವಿನ್ಯಾಸ ಮಾಡುವ ಈ ರೀತಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಮೆಚ್ಚುಗೆಯಾಗುವಂಥದು.

ವರ್ಡಾನಾ ಶೈಲಿಗೆ ಕಾರ್ಟರ್ ಎಂದಿನ ಕ್ರಮವನ್ನು ತಿರುಗುಮುರುಗು ಮಾಡಿದರು. ಸಾಮಾನ್ಯವಾಗಿ ಮೊದಲು ಹೊರಗೆರೆ, ಆಮೇಲೆ ಚುಕ್ಕೆ. ಅವರು ಮೊದಲು ತೆರೆಯ ಮೇಲೆ ಪಿಕ್ಸೆಲ್‌ಗಳಲ್ಲೇ ಅಕ್ಷರಗಳನ್ನು ಮಾಡಿ, ಓದಲು ಹಿತವೆನಿಸಿದ ಮೇಲೆ ಆ ಚುಕ್ಕೆಗಳ ಸುತ್ತ ಹೊರಗೆರೆ ಎಳೆದರು. ಹಿಂಟಿಂಗ್ ಕೆಲಸವನ್ನು ಟಾಮ್ ರಿಕ್ನರ್ ಮಾಡಿದರು. 1996ರಲ್ಲಿ ವರ್ಡಾನಾ ಬಿಡುಗಡೆಯಾಯಿತು.

ಅದರ ಗುಣಗಳನ್ನು ಗಮನಿಸಿ. ಟೈಮ್ಸ್ ನ್ಯೂ ರೋಮನ್‌ನಲ್ಲಿ ಸಣ್ಣ ಅಕ್ಷರದ ಮೈ ಒಟ್ಟು ಗಾತ್ರದ ಶೇಕಡ 45ರಷ್ಟು. ವರ್ಡಾನಾದಲ್ಲಿ ಶೇಕಡ 54ಕ್ಕೂ ಹೆಚ್ಚು. 13 ಪಿಕ್ಸೆಲ್‌ಗಳಲ್ಲಿ 6ರ ಬದಲು 7 ಪಿಕ್ಸೆಲ್. ಒಂದೇ ಪಿಕ್ಸೆಲ್ ಹೆಚ್ಚಾದರೂ ಆರರಲ್ಲಿ ಒಂದು ಎಂದರೆ ಸಣ್ಣ ಲಾಭವಲ್ಲ. ಅಕ್ಷರಗಳು ಅಗಲ, ಒಂದಕ್ಕೊಂದು ತಾಗುವುದಿಲ್ಲ. ದೊಡ್ಡ ಐ ಅಕ್ಷರಕ್ಕೆ ಮೇಲೆ ಕೆಳಗೆ ಅಡ್ಡಪಟ್ಟಿ, 1ಕ್ಕೆ ಪೀಠ, ಸಣ್ಣ ಎಲ್ ಬರಿಯ ಕಡ್ಡಿ. ಹೀಗಾಗಿ ಮೂರೂ ಬೇರೆ ಬೇರೆ. ಕಡತದ ಹೆಸರನ್ನೋ ಗುಪ್ತಪದವನ್ನೋ ಸಹಾಯದ ಪುಟ ನೋಡಿ ಬೆರಳಚ್ಚಿಸಬೇಕಾದವರಿಗೆ ಇದರ ಬೆಲೆ ಗೊತ್ತು. ದಪ್ಪಕ್ಷರ ನಿಜಕ್ಕೂ ದಪ್ಪವಾಗಿರುವುದರಿಂದ ಒತ್ತಬೇಕಾದ ಗುಂಡಿಯ ಹೆಸರು ಸಾಲಿನ ನಡುವೆ ತಟ್ಟನೆ ಕಣ್ಣಿಗೆ ಬೀಳುತ್ತದೆ.

ಇದರ ವಿಲೋಮವೂ ನಿಜ. 2009ರಲ್ಲಿ ಸ್ವೀಡನ್ ಮೂಲದ ಪೀಠೋಪಕರಣ ಕಂಪನಿ ಐಕಿಯಾ ತನ್ನ ಅಚ್ಚಾದ ಕ್ಯಾಟಲಾಗಿಗೂ ವರ್ಡಾನಾ ಬಳಸಿದಾಗ ವಿನ್ಯಾಸಕಾರರು ಆಕ್ಷೇಪಿಸಿದರು. ಏಳು ಪಿಕ್ಸೆಲ್‌ಗಳಿಗೆ ಹೊಂದಿಸಿದ ಅಕ್ಷರ ದೊಡ್ಡ ಗಾತ್ರದಲ್ಲಿ ಕಾಗದದ ಮೇಲೆ ಒರಟಾಗಿ ಕಾಣುತ್ತದೆ.

ಇದ್ದರೆ ತಾನೆ ಕಾಣುವುದು

ಓದಲು ಹಿತವಾದ ಅಕ್ಷರ ಸಿಕ್ಕಿತು. ಎರಡನೆಯ ಪ್ರಶ್ನೆ ಉಳಿಯಿತು. ಆ ಕಾಲದ ಸಹಾಯದ ಕಡತಗಳು, ಅಂದರೆ 1990ರ ವಿಂಡೋಸ್ 3.0 ಜೊತೆ ಬಂದ ವಿನ್‌ಹೆಲ್ಪ್ ಹಾಗೂ 1997ರಲ್ಲಿ ಬಂದ ಎಚ್‌ಟಿಎಂಎಲ್ ಹೆಲ್ಪ್, ಸಾಮಾನ್ಯವಾಗಿ ಫಾಂಟಿನ ಹೆಸರನ್ನು ಹೊತ್ತಿರುತ್ತಿದ್ದವೇ ಹೊರತು ಫಾಂಟನ್ನಲ್ಲ. ಓದುವವರ ಗಣಕದಲ್ಲಿ ಆ ಹೆಸರಿನ ಫಾಂಟ್ ಇದ್ದರೆ ಸರಿ. ಇಲ್ಲದಿದ್ದರೆ ಗಣಕ ತನಗೆ ತೋಚಿದ ಇನ್ನೊಂದನ್ನು ಹಾಕುತ್ತದೆ. ಬರೆದವರಿಗೆ ಇದು ತಿಳಿಯುವುದೂ ಇಲ್ಲ; ಅವರ ಗಣಕದಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತಿರುತ್ತದೆ.

ಇದಕ್ಕೆ ಎರಡು ಪರಿಹಾರಗಳು 1996ರಲ್ಲೇ ಬಂದವು. ಒಂದು, ಡಿಸೆಂಬರಿನಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಶಿಫಾರಸು ಮಾಡಿದ ಸಿಎಸ್‌ಎಸ್ ಎಂಬ ಶೈಲಿ ನಿಯಮಾವಳಿ. ಅದರಲ್ಲಿ ಫಾಂಟುಗಳ ಪಟ್ಟಿ ಕೊಡಬಹುದು: ವರ್ಡಾನಾ, ಅದಿಲ್ಲದಿದ್ದರೆ ಏರಿಯಲ್, ಅದೂ ಇಲ್ಲದಿದ್ದರೆ ತುದಿಗೆರೆಯಿಲ್ಲದ ಯಾವುದಾದರೂ ಒಂದು. ಅಧ್ಯಾಪಕರೊಬ್ಬರು ರಜೆಯಲ್ಲಿದ್ದರೆ ತರಗತಿಗೆ ಯಾರು ಹೋಗಬೇಕೆಂದು ವೇಳಾಪಟ್ಟಿಯಲ್ಲೇ ಬರೆದಿಟ್ಟಂತೆ. ಎರಡು, ಮೈಕ್ರೋಸಾಫ್ಟ್‌ನ 'ಕೋರ್ ಫಾಂಟ್ಸ್ ಫಾರ್ ದಿ ವೆಬ್' ಯೋಜನೆ. ವರ್ಡಾನಾ, ಜಾರ್ಜಿಯಾ, ಟ್ರೆಬುಶೆ, ಏರಿಯಲ್ ಮುಂತಾದ ಶೈಲಿಗಳನ್ನು ಅದು ಉಚಿತವಾಗಿ, ಮ್ಯಾಕಿಂಟಾಶ್ ಬಳಕೆದಾರರಿಗೂ ಸೇರಿಸಿ, ಹಂಚಿತು. ವರ್ಡಾನಾ ಗೆದ್ದುದು ಚೆನ್ನಾಗಿದ್ದುದರಿಂದ ಮಾತ್ರವಲ್ಲ, ಎಲ್ಲ ಕಡೆ ಇದ್ದುದರಿಂದ ಕೂಡ.

2002ರ ಆಗಸ್ಟಿನಲ್ಲಿ ಈ ಹಂಚಿಕೆಯನ್ನು ಕಂಪನಿ ನಿಲ್ಲಿಸಿತು. ಆದರೆ ಮೂಲ ಕಡತಗಳನ್ನು ಬದಲಿಸದೆ ಮರುಹಂಚಲು ಪರವಾನಗಿಯಲ್ಲಿ ಅವಕಾಶವಿದ್ದುದರಿಂದ ಅವು ಬೇರೆಡೆ ಸಿಗುತ್ತಲೇ ಇದ್ದವು. ಒಂದು ಕಂಪನಿಯ ಔದಾರ್ಯವನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲವೆಂದು ಮುಕ್ತ ತಂತ್ರಾಂಶದವರಿಗೆ ಮನವರಿಕೆಯಾಯಿತು. 2003ರಲ್ಲಿ ಬಿಟ್‌ಸ್ಟ್ರೀಮ್ ವೆರಾ, 2007ರಲ್ಲಿ ರೆಡ್‌ಹ್ಯಾಟ್ ಕಂಪನಿಯ ಲಿಬರೇಶನ್ ಶೈಲಿಗಳು ಮುಕ್ತವಾಗಿ ದೊರೆತವು. ಲಿಬರೇಶನ್ ಶೈಲಿಯ ಅಕ್ಷರಗಳ ಅಗಲ ಏರಿಯಲ್, ಟೈಮ್ಸ್ ನ್ಯೂ ರೋಮನ್, ಕೊರಿಯರ್ ನ್ಯೂಗಳ ಅಗಲಕ್ಕೆ ಸಮ. ಒಂದರ ಬದಲು ಇನ್ನೊಂದು ಬಂದರೂ ಸಾಲು ಒಡೆಯುವ ಜಾಗ ಬದಲಾಗುವುದಿಲ್ಲ.

ಕನ್ನಡ ಕಲಿತ ಪಾಠ

ಫಾಂಟ್ ಇಲ್ಲದಿದ್ದರೆ ಇಂಗ್ಲಿಷಿನಲ್ಲಿ ಅಂದ ಕೆಡುತ್ತದೆ. ಕನ್ನಡದಲ್ಲಿ ಅರ್ಥವೇ ಹೋಗುತ್ತಿತ್ತು. ಏಕೆಂದರೆ ಬರಹ, ನುಡಿ ಮುಂತಾದ ತಂತ್ರಾಂಶಗಳ ಮೊದಲಿನ ಆವೃತ್ತಿಗಳಲ್ಲಿ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳ ಚೂರುಗಳನ್ನು ರೋಮನ್ ಮತ್ತಿತರ ಯೂರೋಪಿನ ಅಕ್ಷರಗಳ ಸಂಕೇತಸ್ಥಾನಗಳಲ್ಲೇ ಕೂರಿಸಲಾಗಿತ್ತು. ಆ ದಿನಗಳಲ್ಲಿ ಅದು ಜಾಣ ಉಪಾಯವೇ. ಸಾವಿರಾರು ಮಂದಿ ಕನ್ನಡದಲ್ಲಿ ಬೆರಳಚ್ಚಿಸಲು ಸಾಧ್ಯವಾದದ್ದು ಅದರಿಂದ. ಆದರೆ ಗಣಕದ ಮಟ್ಟಿಗೆ ಕಡತದಲ್ಲಿದ್ದುದು ಕನ್ನಡವಲ್ಲ. ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಟೊಪ್ಪಿ ಹಾಕಿಕೊಂಡ ರೋಮನ್ ಅಕ್ಷರಗಳ ಸಂತೆ.

ನಾನೇ ಒಮ್ಮೆ ಪ್ರಯೋಗಶಾಲೆಯ ತಂತ್ರಾಂಶವೊಂದಕ್ಕೆ ಕನ್ನಡದಲ್ಲಿ ಸಹಾಯದ ಪುಟಗಳನ್ನು ಬರೆದು ಇನ್ನೊಂದು ಊರಿನ ಕಾಲೇಜಿಗೆ ಕೊಂಡೊಯ್ದಿದ್ದೆ. ಅಲ್ಲಿನ ಗಣಕದಲ್ಲಿ ಒಂದು ಪದವೂ ಓದಲು ಬರಲಿಲ್ಲ. ವಿದ್ಯಾರ್ಥಿಗಳು ವಿನಯದಿಂದ, 'ಇಂಗ್ಲಿಷಿನದೇ ಕೊಡಿ ಸಾರ್, ಪರವಾಗಿಲ್ಲ' ಎಂದರು. ಇಂಗ್ಲಿಷ್ ಕಷ್ಟವೆಂದೇ ಆ ಪುಟಗಳನ್ನು ಬರೆದಿದ್ದೆ. ತಪ್ಪು ಅವರ ಗಣಕದ್ದಲ್ಲ, ನನ್ನ ಗಣಕದಲ್ಲಿ ಮಾತ್ರ ಪರೀಕ್ಷಿಸಿದ ನನ್ನದು.

ನಿಜವಾದ ಪರಿಹಾರ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗ ದೊರೆತಿತ್ತು. ಆದರೆ ಸಂಕೇತ ಸಿಕ್ಕಿದ ಮಾತ್ರಕ್ಕೆ ಅಕ್ಷರ ಕಾಣುವುದಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಕನ್ನಡ ಫಾಂಟನ್ನು ತಂದಿತು. ಅದಾದರೂ ಭಾರತೀಯ ಲಿಪಿಗಳ ಸೌಲಭ್ಯವನ್ನು ಸಿ.ಡಿ.ಯಿಂದ ಬೇರೆಯಾಗಿ ಅಳವಡಿಸಿಕೊಂಡರೆ ಮಾತ್ರ. ಇಲ್ಲವೆಂದರೆ ಖಾಲಿ ಚೌಕಗಳು. ಲಿನಕ್ಸ್ ಬಳಸುವವರಿಗೆ 'ಲೋಹಿತ್ ಕನ್ನಡ' ಬಂತು. 2012ರ ವಿಂಡೋಸ್ 8ರಲ್ಲಿ 'ನಿರ್ಮಲಾ ಯುಐ' ಎಂಬ ಒಂದೇ ಫಾಂಟ್ ಕನ್ನಡವೂ ಸೇರಿ ಹಲವು ಭಾರತೀಯ ಲಿಪಿಗಳನ್ನು ಹೊತ್ತು ಬಂತು. 2015ರ ವಿಂಡೋಸ್ 10ರಲ್ಲಿ ತುಂಗಾ ಐಚ್ಛಿಕ ಫಾಂಟುಗಳ ಸಾಲಿಗೆ ಸರಿಯಿತು. 'ಎಲ್ಲರಲ್ಲೂ ಇದೆ' ಎಂಬ ಮಾತಿಗೂ ಅವಧಿ ಇದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಗೂಗಲ್‌ನ ಮುಕ್ತ ಫಾಂಟ್ ಕುಟುಂಬದ ಹೆಸರು 'ನೋಟೊ'. ಖಾಲಿ ಚೌಕಗಳಿಗೆ ತಂತ್ರಜ್ಞರು ಇಟ್ಟ ಅಡ್ಡಹೆಸರು ಟೋಫು, ಅದು ಇರಕೂಡದು ಎಂಬ ಅರ್ಥದಲ್ಲಿ ನೋ ಟೋಫು. ಅದರಲ್ಲಿ ಕನ್ನಡಕ್ಕೂ ಅಕ್ಷರಗಳಿವೆ. ಐಕಿಯಾ ಕೂಡ 2019ರಲ್ಲಿ ವರ್ಡಾನಾ ಬಿಟ್ಟು ನೋಟೊ ಹಿಡಿಯಿತು.

ಚುಕ್ಕೆ ಚಿಕ್ಕದಾದ ಮೇಲೆ

ಮೊದಲ ಪ್ರಶ್ನೆಗೆ ಯಂತ್ರಾಂಶದ ಕಡೆಯಿಂದಲೂ ಉತ್ತರ ಬಂತು. ಎಲ್‌ಸಿಡಿ ತೆರೆಯ ಪ್ರತಿ ಪಿಕ್ಸೆಲ್‌ನಲ್ಲಿ ಕೆಂಪು, ಹಸಿರು, ನೀಲಿಯ ಮೂರು ಪಟ್ಟಿಗಳು ಅಕ್ಕಪಕ್ಕದಲ್ಲಿರುತ್ತವೆ. ಇವನ್ನು ಬೇರೆ ಬೇರೆಯಾಗಿ ನಿಯಂತ್ರಿಸಿದರೆ ಅಡ್ಡಡ್ಡವಾಗಿ ಪಿಕ್ಸೆಲ್ ಮೂರರಲ್ಲಿ ಒಂದು ಭಾಗವಾದಂತೆ, 0.26 ಮಿಲಿಮೀಟರ್ ಹೋಗಿ 0.09. ಇದು ಕಣ್ಣಿನ ಮಿತಿಗಿಂತ ಕಡಿಮೆ. 1998ರಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿದ ಕ್ಲಿಯರ್‌ಟೈಪ್ ತಂತ್ರದ ತಿರುಳು ಇದು. ಆದರೆ ಲಾಭ ಅಡ್ಡ ದಿಕ್ಕಿಗೆ ಮಾತ್ರ. ರೋಮನ್ ಲಿಪಿಯ ನೆಟ್ಟನೆಯ ಕಡ್ಡಿಗಳಿಗೆ ಅದು ಒಪ್ಪುತ್ತದೆ. ದುಂಡನೆಯ ಮೈ, ಮೇಲೆ ಗುಡಿಸು, ಕೆಳಗೆ ಒತ್ತು ಎಂದು ಎತ್ತರದಲ್ಲಿ ಬೆಳೆಯುವ ಕನ್ನಡಕ್ಕೆ ಅದರಿಂದ ಸಿಕ್ಕಿದ್ದು ಕಡಿಮೆ. 'ರಾಷ್ಟ್ರೀಯ' ಎಂಬ ಪದವನ್ನು 13 ಪಿಕ್ಸೆಲ್ ಎತ್ತರದಲ್ಲಿ ಬರೆಯಲು ಯತ್ನಿಸಿದರೆ ಇದು ಅರ್ಥವಾಗುತ್ತದೆ.

2010ರಲ್ಲಿ ಬಂದ ಐಫೋನ್ 4ರ ತೆರೆಯಲ್ಲಿ ಅಂಗುಲಕ್ಕೆ 326 ಪಿಕ್ಸೆಲ್. ಒಂದರ ಅಗಲ 0.08 ಮಿಲಿಮೀಟರ್. ಕೈಯಲ್ಲಿ 30 ಸೆಂಟಿಮೀಟರ್ ದೂರ ಹಿಡಿದಾಗ ಕಣ್ಣಿನ ಮಿತಿ 0.09. ಅಲ್ಲಿಗೆ ಪಿಕ್ಸೆಲ್ ಕಣ್ಣಿಗೆ ಕಾಣದಾಯಿತು. ಫಾಂಟನ್ನೇ ಪುಟದ ಜೊತೆ ಕಳುಹಿಸುವ ವೋಫ್ ಎಂಬ ಕ್ರಮವೂ 2012ರಲ್ಲಿ ಅಂಗೀಕೃತವಾಯಿತು.

ಹಾಗಾದರೆ ಎಲ್ಲ ಮುಗಿಯಿತೆ? ಇಲ್ಲ. ನಿಮ್ಮ ತರಗತಿಯ ಪ್ರೊಜೆಕ್ಟರ್ 1024 ಪಿಕ್ಸೆಲ್‌ಗಳನ್ನು 2 ಮೀಟರ್ ಅಗಲದ ಪರದೆಯ ಮೇಲೆ ಹರಡಿದರೆ ಒಂದು ಪಿಕ್ಸೆಲ್ ಸುಮಾರು 2 ಮಿಲಿಮೀಟರ್. 6 ಮೀಟರ್ ದೂರದ ಕೊನೆಯ ಬೆಂಚಿನವರ ಕಣ್ಣಿನ ಮಿತಿ 1.7 ಮಿಲಿಮೀಟರ್. ಮುಂದಿನ ಬೆಂಚಿನವರಿಗಂತೂ ಚುಕ್ಕೆ ಎದ್ದು ಕಾಣುತ್ತದೆ. ವರ್ಡಾನಾದ ಕಾಲದ ಸಮಸ್ಯೆ ತರಗತಿಯಲ್ಲಿ ಇನ್ನೂ ಜೀವಂತವಾಗಿದೆ.

ಆದ್ದರಿಂದ ಪಾಠ ಸಾಮಗ್ರಿಯನ್ನೋ ತಂತ್ರಾಂಶಕ್ಕೆ ಕನ್ನಡ ಸಹಾಯವನ್ನೋ ಸಿದ್ಧಪಡಿಸುವಾಗ ಇಷ್ಟನ್ನು ಮಾಡಿ. ಯೂನಿಕೋಡ್‌ನಲ್ಲೇ ಬರೆಯಿರಿ. ಮುಕ್ತ ಪರವಾನಗಿಯ ಫಾಂಟ್ ಆರಿಸಿ, ಸಾಧ್ಯವಾದರೆ ಅದನ್ನು ಕಡತದೊಳಗೇ ಸೇರಿಸಿ, ಬದಲಿ ಹೆಸರುಗಳನ್ನೂ ಕೊಡಿ. ಕನ್ನಡದ ಗಾತ್ರವನ್ನು ಇಂಗ್ಲಿಷಿಗಿಂತ ತುಸು ಹೆಚ್ಚಿಸಿ, ಒತ್ತಿಗೆ ಜಾಗ ಸಿಗುವಂತೆ ಸಾಲುಗಳ ನಡುವೆ ಅಂತರ ಬಿಡಿ. ಕೊನೆಗೆ ನಿಮ್ಮದಲ್ಲದ ಒಂದು ಹಳೆಯ ಗಣಕದಲ್ಲಿ ತೆರೆದು, ವಿದ್ಯಾರ್ಥಿಯೊಬ್ಬರಿಂದ ಗಟ್ಟಿಯಾಗಿ ಓದಿಸಿ.

ವಿದ್ಯಾರ್ಥಿಗಳಿಗೊಂದು ಪುಟ್ಟ ಪ್ರಯೋಗ. ಪ್ರಯೋಗಶಾಲೆಯ ಪೀನಮಸೂರವನ್ನು ಎಲ್‌ಸಿಡಿ ತೆರೆಯ ಮೇಲಿನ ಒಂದು ಕನ್ನಡ ಅಕ್ಷರದ ಮುಂದೆ ಹಿಡಿದು ನೋಡಿ. ಕೆಂಪು, ಹಸಿರು, ನೀಲಿ ಪಟ್ಟಿಗಳು ಕಾಣುತ್ತವೆ. ಅಕ್ಷರದ ಎತ್ತರದಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ, ಒತ್ತಕ್ಷರಕ್ಕೆ ಅದರಲ್ಲಿ ಎಷ್ಟು ಸಿಕ್ಕಿವೆ ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಮುಂದೆ ನೀವು ಯಾರಿಗಾದರೂ ಒಂದು ಪುಟದ ಸೂಚನೆ ಬರೆಯಬೇಕಾದಾಗ ಆ ಎಣಿಕೆ ಕೆಲಸಕ್ಕೆ ಬರುತ್ತದೆ.